ಕನ್ಸೋಲ್ ಕೇಬಲ್ ಎಸೆಯಲು ಹೇಳಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಇತ್ತೀಚೆಗೆ ಬಂದ ನೆಟ್‌ವರ್ಕ್ ನಿರ್ವಹಣೆಯ ಲೇಖನ ಓದಿದೆ. ಬರೆದವರು ಚೆನ್ನಾಗಿಯೇ ಬರೆದಿದ್ದಾರೆ, ಹೊಸಬರಿಗೂ ಅರ್ಥವಾಗುವ ಹಾಗಿದೆ. ಆದರೆ ಕೊನೆಗೆ ಬಂದಾಗ ಒಂದು ಮಾತು ಹೇಳಿಬಿಟ್ಟಿದ್ದಾರೆ. ಈಗ ಕಚೇರಿಯ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ಗಳನ್ನೆಲ್ಲ ಬ್ರೌಸರ್‌ನಲ್ಲೋ ಮೊಬೈಲ್ ಆ್ಯಪ್‌ನಲ್ಲೋ ನೋಡಿಕೊಳ್ಳಬಹುದು, ಕಪ್ಪು ಪರದೆಯ ಮುಂದೆ ಕೂತು ಕಮಾಂಡ್ ಕುಟ್ಟುವ ಕಾಲ ಮುಗಿಯಿತು, ಲ್ಯಾಪ್‌ಟಾಪನ್ನು ನೇರವಾಗಿ ಸ್ವಿಚ್‌ಗೆ ಜೋಡಿಸುವ ಕನ್ಸೋಲ್ ಕೇಬಲನ್ನು ಇನ್ನು ಹಳೆ ಸಾಮಾನಿನ ಜೊತೆ ಹಾಕಬಹುದು ಅಂತ. ಈ ಮಾತಿಗೆ ನನ್ನ ತಕರಾರಿದೆ. ಸ್ವಿಚ್ ಕೆಲಸವೇ ನನ್ನ ಹೊಟ್ಟೆಪಾಡು, ಹಾಗಾಗಿ ಪತ್ರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಒಪ್ಪುವುದನ್ನು ಒಪ್ಪಿಬಿಡುತ್ತೇನೆ. ಎಲ್ಲವೂ ಸರಿಯಾಗಿ ನಡೆಯುತ್ತಿರುವ ದಿನ ವೆಬ್ ಪುಟ ಚೆನ್ನಾಗಿದೆ. ಯಾವ ಪೋರ್ಟ್ ಹಸಿರು, ಯಾವುದು ಬೂದು ಅಂತ ಚಿತ್ರದಲ್ಲೇ ಕಾಣುತ್ತದೆ. ನೂರಾರು ಸ್ವಿಚ್ ಇರುವ ಕಡೆ ಒಂದೊಂದಕ್ಕೂ ಹೋಗಿ ಕಮಾಂಡ್ ಹೊಡೆಯುತ್ತಾ ಕೂರಬೇಕು ಅಂತ ನಾನೂ ಹೇಳುವುದಿಲ್ಲ. ನನ್ನ ಪ್ರಶ್ನೆ ಕೆಟ್ಟ ದಿನದ ಬಗ್ಗೆ.

ಸ್ವಿಚ್ಚಿನ ವೆಬ್ ಪುಟ ತೆರೆಯಲು ಏನೇನು ಬೇಕು ಅಂತ ಒಮ್ಮೆ ಯೋಚಿಸಿ. ಸ್ವಿಚ್‌ಗೆ ಒಂದು ಐಪಿ ವಿಳಾಸ ಇರಬೇಕು. ನಿಮ್ಮ ಲ್ಯಾಪ್‌ಟಾಪ್‌ನಿಂದ ಅಲ್ಲಿಯವರೆಗೆ ದಾರಿ ಇರಬೇಕು. ನಡುವೆ ಇರುವ ಬೇರೆ ಸ್ವಿಚ್‌ಗಳು ಸರಿ ಇರಬೇಕು, ವಿಲ್ಯಾನ್‌ಗಳು (ಒಂದೇ ಸ್ವಿಚ್ಚಿನಲ್ಲಿ ಬೇರೆ ಬೇರೆಯಾಗಿ ವಿಂಗಡಿಸಿದ ಜಾಲಗಳು) ಸರಿ ಇರಬೇಕು. ಕ್ಲೌಡ್ ಆ್ಯಪ್ ಆದರೆ ಇದರ ಮೇಲೆ ಇಂಟರ್ನೆಟ್ಟೂ ಬೇಕು. ಅಂದರೆ ಕೆಟ್ಟ ನೆಟ್‌ವರ್ಕ್ ರಿಪೇರಿ ಮಾಡಲು ಮೊದಲು ನೆಟ್‌ವರ್ಕ್ ಸರಿಯಾಗಿರಬೇಕು! ದೂರದಿಂದ ಕಮಾಂಡ್ ಕೊಡುವ ಎಸ್‌ಎಸ್‌ಎಚ್‌ಗೂ ಇದೇ ಕಷ್ಟ, ಅದೂ ಅದೇ ದಾರಿಯಲ್ಲೇ ಬರುವುದು. ಕನ್ಸೋಲ್‌ಗೆ ಇದ್ಯಾವುದೂ ಬೇಡ. ಸ್ವಿಚ್‌ಗೆ ಕರೆಂಟ್ ಇರಬೇಕು, ಕೈಯಲ್ಲಿ ಕೇಬಲ್ ಇರಬೇಕು, ಅಷ್ಟೇ.

ಇದು ಸಣ್ಣಪುಟ್ಟ ಕಚೇರಿಗಳ ಸಮಸ್ಯೆ ಅಂದುಕೊಳ್ಳಬೇಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು 6 ಗಂಟೆ ಕಾಲ ಜಗತ್ತಿನಾದ್ಯಂತ ನಿಂತುಹೋದವು. ಮಾಮೂಲಿ ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡ್ ಅವರ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೆಲ್ಲ ಕಡಿದುಹಾಕಿತು. ಇಂಥ ಕಮಾಂಡನ್ನು ತಡೆಯಬೇಕಿದ್ದ ಪರೀಕ್ಷಾ ಸಾಫ್ಟ್‌ವೇರ್‌ನಲ್ಲೇ ದೋಷ ಇತ್ತು. ಆಮೇಲೆ ಆದದ್ದು ಇನ್ನೂ ಮುಖ್ಯ. ದೂರದಿಂದ ಒಳಹೋಗುವ ಮಾಮೂಲಿ ದಾರಿಯೂ ಇಲ್ಲ, ತುರ್ತಿಗೆಂದು ಬೇರೆಯಾಗಿ ಇಟ್ಟಿದ್ದ ದಾರಿಯೂ ಇಲ್ಲ. ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗಳಿಗೇ ಹೋಗಬೇಕಾಯಿತು, ಅಲ್ಲಿನ ಬಿಗಿ ಕಾವಲು ದಾಟಿ ಯಂತ್ರಗಳ ಹತ್ತಿರ ತಲುಪಲು ಸಮಯ ಹಿಡಿಯಿತು. ಅದನ್ನು ಅವರೇ ಬರೆದುಕೊಂಡಿದ್ದಾರೆ.

ಮರುವರ್ಷ, 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಕಂಪನಿಯ ಸರದಿ. ಅಪ್‌ಗ್ರೇಡ್ ಕೆಲಸದ ನಡುವೆ ಒಂದು ಫಿಲ್ಟರ್ ತೆಗೆದುಹಾಕಿದರು. ಡೇಟಾ ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವ ರೂಟ್‌ಗಳ ಪ್ರವಾಹ ಜಾಲದ ನಡುಭಾಗದ ಕೋರ್ ರೂಟರ್‌ಗಳಿಗೆ ನುಗ್ಗಿ ಅವು ಕುಸಿದವು. 1.2 ಕೋಟಿಗೂ ಹೆಚ್ಚು ಗ್ರಾಹಕರಿಗೆ ಫೋನೂ ಇಲ್ಲ, ಇಂಟರ್ನೆಟ್ಟೂ ಇಲ್ಲ, ಎಷ್ಟೋ ಜನರಿಗೆ ತುರ್ತು ಸಹಾಯದ 911 ಕರೆಯೂ ಹೋಗಲಿಲ್ಲ. ಅವರ ನಿರ್ವಹಣಾ ಜಾಲ ಕೂಡ ಅದೇ ಕೋರ್ ಮೇಲೆ ಕೂತಿತ್ತು. ಕೂತ ಕೊಂಬೆಯನ್ನೇ ಕಡಿದ ಹಾಗೆ ಆಯಿತು, ಅಲ್ವಾ? ಇಷ್ಟು ದೊಡ್ಡ ಕಂಪನಿಗಳಿಗೇ ಈ ಗತಿ ಬಂದಿರುವಾಗ, ಎರಡೇ ಎರಡು ಸ್ವಿಚ್ ಇರುವ ಕಚೇರಿಗೆ "ಕೇಬಲ್ ಬೇಡ, ಆ್ಯಪ್ ಸಾಕು" ಅಂತ ಹೇಳುವುದು ಯಾವ ಧೈರ್ಯ?

ಸಣ್ಣ ಕಚೇರಿಯ ಕೆಟ್ಟ ದಿನ ಹೇಗಿರುತ್ತದೆ ಅಂತಲೂ ಹೇಳುತ್ತೇನೆ. ಯಾರೋ ಮೇಜಿನ ಕೆಳಗೆ ನೇತಾಡುತ್ತಿದ್ದ ಕೇಬಲ್ ನೋಡಿ, ಪಾಪ ಬಿದ್ದುಹೋಗಿದೆ ಅಂತ ಅದರ ಎರಡನೇ ತುದಿಯನ್ನೂ ಗೋಡೆಯ ಪೋರ್ಟ್‌ಗೇ ಚುಚ್ಚುತ್ತಾರೆ. ಲೂಪ್ ಆಯಿತು. ಸ್ವಿಚ್‌ಗಳ ನಡುವೆ ಡೇಟಾ ಹೊತ್ತೊಯ್ಯುವ ಈಥರ್ನೆಟ್ ಫ್ರೇಮ್‌ಗೆ ಆಯಸ್ಸು ಅಂತ ಇಲ್ಲ. ಐಪಿ ಪ್ಯಾಕೆಟ್ ಆದರೆ ಒಂದೊಂದು ರೂಟರ್ ದಾಟಿದಾಗಲೂ ಅದರ ಎಣಿಕೆ ಇಳಿದು ಕೊನೆಗೆ ಸಾಯುತ್ತದೆ, ಫ್ರೇಮ್ ಹಾಗಲ್ಲ, ಸುತ್ತುತ್ತಲೇ ಇರುತ್ತದೆ, ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್ ಆದರೆ ಪ್ರತಿ ಸುತ್ತಿಗೂ ನಕಲುಗಳು ಹೆಚ್ಚುತ್ತವೆ. ಕೆಲವೇ ಕ್ಷಣಗಳಲ್ಲಿ ಇಡೀ ಕಚೇರಿ ಸ್ತಬ್ಧ. ಈ ಕಾಟ ತಪ್ಪಿಸಲೆಂದೇ ರಾಡಿಯಾ ಪರ್ಲ್‌ಮನ್ ಅವರು 1985ರಲ್ಲಿ, ಲೂಪ್ ಆಗುವ ದಾರಿಯನ್ನು ಸ್ವಿಚ್ಚೇ ಮುಚ್ಚುವ ಸ್ಪ್ಯಾನಿಂಗ್ ಟ್ರೀ ರೂಪಿಸಿದರು. ಅದು ಎಲ್ಲ ಕಡೆ ಆನ್ ಇದ್ದರೆ ಸರಿ. ಆದರೆ ನಡುವೆ ಸ್ಪ್ಯಾನಿಂಗ್ ಟ್ರೀ ಇಲ್ಲದ ಒಂದು ಅಗ್ಗದ ಸ್ವಿಚ್ ಪೆಟ್ಟಿಗೆ ಸೇರಿಕೊಂಡಿರುತ್ತದೆ, ಅಥವಾ ಯಾರೋ "ಪೋರ್ಟ್ ಬೇಗ ಬರಲಿ" ಅಂತ ಅದನ್ನು ಆಫ್ ಮಾಡಿರುತ್ತಾರೆ. ಆ ಹೊತ್ತಿನಲ್ಲಿ ಬ್ರೌಸರ್‌ನಲ್ಲಿ ಸ್ವಿಚ್ ವಿಳಾಸ ಬರೆದು ಎಂಟರ್ ಒತ್ತಿ ನೋಡಿ. ಚಕ್ರ ತಿರುಗುತ್ತಲೇ ಇರುತ್ತದೆ. ಕನ್ಸೋಲ್‌ನಲ್ಲಿ ಮಾತ್ರ, ನಿಧಾನವಾಗಿಯಾದರೂ, ಸಾಮಾನ್ಯವಾಗಿ ಉತ್ತರ ಬರುತ್ತದೆ. ಒಂದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಉಪಕರಣದ ಗುರುತಿನ ಸಂಖ್ಯೆ) 3ನೇ ಪೋರ್ಟ್ ಮತ್ತು 17ನೇ ಪೋರ್ಟ್ ನಡುವೆ ಹಾರಾಡುತ್ತಿದೆ ಅಂತ ಲಾಗ್ ಸಾಲುಗಳು ಒಂದರ ಹಿಂದೆ ಒಂದು ಬೀಳುತ್ತಿರುತ್ತವೆ. ಆ ಎರಡರಲ್ಲಿ ಒಂದನ್ನು ಶಟ್‌ಡೌನ್ ಮಾಡಿದರೆ ಕಚೇರಿ ಮತ್ತೆ ಉಸಿರಾಡುತ್ತದೆ.

ಸರಿ, ಈ ಕನ್ಸೋಲ್ ಅಂದರೆ ಅಷ್ಟು ದೊಡ್ಡ ವಿದ್ಯೆಯೇ? ಅಲ್ಲವೇ ಅಲ್ಲ. ನಿಮ್ಮ ಲೇಖಕರು ಇದನ್ನು ಮಂತ್ರವಿದ್ಯೆ ಥರ ತೋರಿಸಿದ್ದಾರೆ, ಅದಕ್ಕೇ ಬೇಜಾರು. ಸ್ವಿಚ್ಚಿನ ಮುಂದೆಯೋ ಹಿಂದೆಯೋ ಕನ್ಸೋಲ್ ಅಂತ ಬರೆದ ಒಂದು ಕಿಂಡಿ ಇರುತ್ತದೆ. ನೋಡಲು ಮಾಮೂಲಿ ಆರ್‌ಜೆ45, ನೆಟ್‌ವರ್ಕ್ ಪೋರ್ಟ್ ಥರವೇ. ಒಳಗೆ ಹರಿಯುವುದು ಮಾತ್ರ ಸೀರಿಯಲ್ ಸಂಕೇತ, ಆರ್‌ಎಸ್-232 ಎಂಬ ಹಳೇ ಕಾಲದ ಪದ್ಧತಿ. ಅದು 1960ರಿಂದ ಇದೆ. ಜೊತೆಗೆ ಬರುವ ಚಪ್ಪಟೆ ತಿಳಿನೀಲಿ ಕೇಬಲ್ಲೇ ರೋಲ್‌ಓವರ್ ಕೇಬಲ್: ಒಂದು ತುದಿಯ 1ನೇ ತಂತಿ ಇನ್ನೊಂದು ತುದಿಯಲ್ಲಿ 8ನೆಯದು, 2ನೆಯದು 7ನೆಯದು, ಹೀಗೆ ಪೂರ್ತಿ ತಿರುವುಮುರುವು. ಹಾಗಾಗಿ ಮಾಮೂಲಿ ಪ್ಯಾಚ್ ಕೇಬಲ್ ಚುಚ್ಚಿ "ಏನೂ ಬರುತ್ತಿಲ್ಲ" ಅಂದರೆ ಬರುವುದೂ ಇಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ ಇಲ್ಲದ್ದರಿಂದ ಯುಎಸ್‌ಬಿ ಅಡಾಪ್ಟರ್ ಬೇಕು. ಹೊಸ ಸ್ವಿಚ್‌ಗಳಲ್ಲಿ ನೇರವಾಗಿ ಯುಎಸ್‌ಬಿ ಕನ್ಸೋಲೇ ಇರುವುದೂ ಉಂಟು.

ಅಡಾಪ್ಟರ್ ವಿಷಯದಲ್ಲಿ ಒಂದು ಎಚ್ಚರಿಕೆ. ಇವುಗಳಲ್ಲಿ ನಕಲಿ ಚಿಪ್‌ಗಳು ಬಹಳ. ಎಫ್‌ಟಿಡಿಐ, ಪ್ರೊಲಿಫಿಕ್ ಅಂತ ಹೆಸರಿರುವ ಚಿಪ್‌ಗಳ ನಕಲು ಎಷ್ಟಿದೆ ಎಂದರೆ, 2014ರಲ್ಲಿ ಎಫ್‌ಟಿಡಿಐ ಬಿಟ್ಟ ಒಂದು ವಿಂಡೋಸ್ ಡ್ರೈವರ್ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ಕೂರಿಸಿಬಿಟ್ಟಿತ್ತು. ದೊಡ್ಡ ಗಲಾಟೆಯಾಯಿತು. ಅಡಾಪ್ಟರ್ ಇದೆ ಅಂತ ಸುಮ್ನೆ ಬ್ಯಾಗಿನಲ್ಲಿ ಇಟ್ಟುಕೊಂಡರೆ ಆಗದು, ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಅದರ ಡ್ರೈವರ್ ಕೂತು ಕಾಮ್ ಪೋರ್ಟ್ (ವಿಂಡೋಸ್ ಸೀರಿಯಲ್ ಕಿಂಡಿಗೆ ಕೊಡುವ ಹೆಸರು) ಸಂಖ್ಯೆ ಬಂದಿದೆಯಾ ಅಂತ ಮೊದಲೇ ನೋಡಿಕೊಂಡಿರಬೇಕು. ನೆಟ್ ಇಲ್ಲದ ದಿನ ಡ್ರೈವರ್ ಡೌನ್‌ಲೋಡ್ ಮಾಡುವುದು ಎಲ್ಲಿಂದ?

ಆಮೇಲೆ ಪುಟ್ಟಿ ಅಥವಾ ತೇರಾ ಟರ್ಮ್ ಎಂಬ ಟರ್ಮಿನಲ್ ಸಾಫ್ಟ್‌ವೇರ್ ತೆರೆದು, ಸೀರಿಯಲ್ ಆರಿಸಿ, ಸೆಕೆಂಡಿಗೆ ಎಷ್ಟು ಬಿಟ್ ಎಂಬ ವೇಗ ಕೊಡಬೇಕು. ಸಿಸ್ಕೊ ಕ್ಯಾಟಲಿಸ್ಟ್, ಜೂನಿಪರ್ ಇವಕ್ಕೆ ಸಾಮಾನ್ಯವಾಗಿ 9600. ಮೈಕ್ರೋಟಿಕ್, ಅರೂಬಾ ಸಿಎಕ್ಸ್ ಇವಕ್ಕೆ 115200. ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ. ಪರದೆ ಖಾಲಿ ಇದ್ದರೆ ಹೆದರಬೇಡಿ, ಎಂಟರ್ ಒತ್ತಿ. ಹೊಸಬರಲ್ಲಿ ಅರ್ಧ ಜನ ಎಂಟರ್ ಒತ್ತದೆಯೇ ಕೇಬಲ್ ಕೆಟ್ಟಿದೆ ಅಂತ ತೀರ್ಮಾನಿಸುತ್ತಾರೆ. ಅರ್ಥವಿಲ್ಲದ ಚಿಹ್ನೆಗಳು ಬಂದರೆ ಅದು ಒಳ್ಳೆಯ ಸುದ್ದಿ, ಕೇಬಲ್ ಸರಿ ಇದೆ, ವೇಗ ಮಾತ್ರ ತಪ್ಪು. ಇನ್ನೊಂದು ವಿಷಯ: ರ್ಯಾಕ್‌ನಲ್ಲಿ ಪಕ್ಕದಲ್ಲೇ ಯುಪಿಎಸ್ ಇರುತ್ತದೆ, ಅದಕ್ಕೂ ಒಂದು ಸೀರಿಯಲ್ ಕಿಂಡಿ ಇರುತ್ತದೆ. ಕೆಲವು ಯುಪಿಎಸ್‌ಗಳಿಗೆ ಅವುಗಳದೇ ವಿಶೇಷ ಕೇಬಲ್ ಬೇಕು, ಮಾಮೂಲಿ ಸೀರಿಯಲ್ ಕೇಬಲ್ ಹಾಕಿದರೆ ಯುಪಿಎಸ್ಸೇ ಆಫ್ ಆಗುತ್ತದೆ. ಅಲ್ಲಿಗೆ ಇಡೀ ರ್ಯಾಕ್ ಕತ್ತಲು.

9600 ಅಂದರೆ ಎಷ್ಟು ನಿಧಾನ ಅಂತ ಲೆಕ್ಕ ಹಾಕಿದರೆ ನಗು ಬರುತ್ತದೆ. ಒಂದು ಅಕ್ಷರಕ್ಕೆ ಶುರು ಮತ್ತು ಕೊನೆಯ ಬಿಟ್ ಸೇರಿ 10 ಬಿಟ್, ಹಾಗಾಗಿ ಸೆಕೆಂಡಿಗೆ 960 ಅಕ್ಷರ. ಸ್ವಿಚ್ಚಿನ ಸೆಟ್ಟಿಂಗ್‌ಗಳಿರುವ ದೊಡ್ಡ ಕಾನ್ಫಿಗ್ ಫೈಲನ್ನು ಒಟ್ಟಿಗೇ ಪೇಸ್ಟ್ ಮಾಡಿದರೆ ಸ್ವಲ್ಪ ತಡೆ ಅಂತ ಹೇಳುವ ಫ್ಲೋ ಕಂಟ್ರೋಲ್ ಇಲ್ಲದ ಕಾರಣ ನಡುವೆ ಅಕ್ಷರಗಳು ಕಳೆದುಹೋಗುತ್ತವೆ, ನಾಲ್ಕು ಸಾಲು ಅರ್ಧಂಬರ್ಧ ಕೂತಿರುತ್ತವೆ. ತೇರಾ ಟರ್ಮ್‌ನಲ್ಲಿ ಪ್ರತಿ ಸಾಲಿಗೂ ಸ್ವಲ್ಪ ತಡ ಕೊಡುವ ಸೌಲಭ್ಯ ಇದೆ, ಅದನ್ನು ಬಳಸಬೇಕು. ಸ್ವಿಚ್ಚಿನ ಆಪರೇಟಿಂಗ್ ಸಿಸ್ಟಂ ಫೈಲೇ ಹಾಳಾಗಿ, ಅದು ಬೂಟ್ ಲೋಡರ್‌ನಲ್ಲಿ (ಆಪರೇಟಿಂಗ್ ಸಿಸ್ಟಮನ್ನು ಶುರುಮಾಡುವ ಪುಟ್ಟ ಪ್ರೋಗ್ರಾಂ) ನಿಂತುಬಿಟ್ಟರೆ ಇನ್ನೂ ಮಜಾ. 20 ಎಂಬಿ ಫೈಲನ್ನು ಎಕ್ಸ್‌ಮೋಡೆಂ ಎಂಬ ಫೈಲ್ ಕಳಿಸುವ ಹಳೇ ವಿಧಾನದ ಮೂಲಕ 9600ರಲ್ಲಿ ಕಳಿಸಲು ಹೆಚ್ಚುಕಡಿಮೆ 6 ಗಂಟೆ. ವೇಗವನ್ನು ಮೊದಲೇ 115200ಕ್ಕೆ ಏರಿಸಿಕೊಂಡರೆ ಅರ್ಧ ಗಂಟೆಯ ಆಸುಪಾಸು. ನಿಧಾನ ಅಂತ ಬೈಯುವವರು ಬೈಯಲಿ. ಆ ಸ್ಥಿತಿಯಲ್ಲಿ ಸ್ವಿಚ್‌ಗೆ ವೆಬ್ ಪುಟವೂ ಇಲ್ಲ, ಆ್ಯಪೂ ಇಲ್ಲ, ಐಪಿಯೂ ಇಲ್ಲ. ಅದು ಮಾತಾಡುವುದು ಈ ಒಂದು ಕಿಂಡಿಯಲ್ಲಿ ಮಾತ್ರ.

ಕಮಾಂಡ್‌ಗಳನ್ನು ನೆನಪಿಟ್ಟುಕೊಳ್ಳುವುದು ಕಷ್ಟ ಅಂತ ಲೇಖನದಲ್ಲಿದೆ. ನೆನಪಿಟ್ಟುಕೊಳ್ಳಿ ಅಂತ ಯಾರು ಹೇಳಿದರು? ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಮುಂದೆ ಏನೇನು ಬರೆಯಬಹುದು ಅಂತ ಸ್ವಿಚ್ಚೇ ಪಟ್ಟಿ ಕೊಡುತ್ತದೆ. ಟ್ಯಾಬ್ ಒತ್ತಿದರೆ ಅರ್ಧ ಬರೆದ ಪದವನ್ನು ಅದೇ ಪೂರ್ತಿ ಮಾಡುತ್ತದೆ. ಸಿಸ್ಕೊ ಥರದ ಸ್ವಿಚ್‌ಗಳಲ್ಲಿ ನೀವು ಎಲ್ಲಿದ್ದೀರಿ ಅಂತ ಪ್ರಾಂಪ್ಟ್ ನೋಡಿದರೇ ಗೊತ್ತಾಗುತ್ತದೆ. ಬಾಣದ ಗುರುತು ಇದ್ದರೆ ಬರೀ ಮೇಲ್ಮೇಲೆ ನೋಡುವ ಅನುಮತಿ. ಎನೇಬಲ್ ಅಂದ ಮೇಲೆ ಹ್ಯಾಶ್ ಗುರುತು, ಈಗ ಎಲ್ಲವನ್ನೂ ನೋಡಬಹುದು. ಕಾನ್ಫಿಗ್ ಟಿ ಅಂದ ಮೇಲೆ ಮಾತ್ರ ಬದಲಾಯಿಸುವ ಜಾಗಕ್ಕೆ ಬಂದಿರಿ. ನೋಡುವುದಕ್ಕೂ ಮುಟ್ಟುವುದಕ್ಕೂ ಹೀಗೆ ಬೇರೆ ಬೇರೆ ಜಾಗ ಇರುವುದು ನನಗಂತೂ ಬಹಳ ಇಷ್ಟ. ವೆಬ್ ಪುಟದಲ್ಲಿ ನೋಡುವ ಜಾಗದ ಪಕ್ಕದಲ್ಲೇ ಅಪ್ಲೈ ಬಟನ್ ಇರುತ್ತದೆ, ಕೈ ಜಾರಿದರೆ ಮುಗಿಯಿತು.

ನಿಜ ಹೇಳಬೇಕೆಂದರೆ ಕಮಾಂಡ್ ಲೈನ್ ಕೆಲಸದಲ್ಲಿ ಜಾಸ್ತಿ ಪಾಲು ಬರೀ ನೋಡುವುದೇ. ಒಂದು ಉದಾಹರಣೆ ತೆಗೆದುಕೊಳ್ಳಿ. ಒಬ್ಬರ ಕಂಪ್ಯೂಟರ್ ನಿಧಾನ. ಪಿಂಗ್ ಹೋಗುತ್ತದೆ, ವೆಬ್‌ಸೈಟ್ ಹೇಗೋ ತೆರೆಯುತ್ತದೆ, ದೊಡ್ಡ ಫೈಲ್ ನಕಲು ಮಾಡಲು ಹೊರಟರೆ ಮಾತ್ರ ತೆವಳುತ್ತದೆ. ವೆಬ್ ಪುಟದಲ್ಲಿ ಆ ಪೋರ್ಟ್ ಹಸಿರಾಗಿಯೇ ಇದೆ. ಹಸಿರು ಇದೆಯಲ್ಲ, ಸ್ವಿಚ್ ಸರಿ ಇದೆ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಅಂತ ತೀರ್ಪು ಬರುತ್ತದೆ! ಕನ್ಸೋಲ್‌ನಲ್ಲಿ ಮೊದಲು ಆ ಕಂಪ್ಯೂಟರ್‌ನ ಮ್ಯಾಕ್ ವಿಳಾಸ ಯಾವ ಪೋರ್ಟ್‌ನಲ್ಲಿ ಕಾಣುತ್ತಿದೆ ಅಂತ ಶೋ ಮ್ಯಾಕ್ ಅಡ್ರೆಸ್-ಟೇಬಲ್ ಕೊಟ್ಟು ಹುಡುಕಿ. ಸಾಮಾನ್ಯವಾಗಿ 300 ಸೆಕೆಂಡ್ ಸದ್ದಿಲ್ಲದಿದ್ದರೆ ಆ ವಿಳಾಸ ಪಟ್ಟಿಯಿಂದ ಹೋಗುತ್ತದೆ, ಹಾಗಾಗಿ ಆ ಕಂಪ್ಯೂಟರ್‌ನಿಂದ ಒಂದು ಪಿಂಗ್ ಓಡುತ್ತಿರಲಿ. ಪೋರ್ಟ್ ಸಿಕ್ಕ ಮೇಲೆ ಶೋ ಇಂಟರ್‌ಫೇಸ್ ಸ್ಟೇಟಸ್ ನೋಡಿ. ಅಲ್ಲಿ ವೇಗ 100 ಎಂಬಿಪಿಎಸ್, ಹಾಫ್ ಡ್ಯೂಪ್ಲೆಕ್ಸ್ ಅಂತ ಇದ್ದರೆ ಕಳ್ಳ ಸಿಕ್ಕ. ಹಾಫ್ ಅಂದರೆ ಒಮ್ಮೆಗೆ ಒಂದು ಕಡೆಯವರು ಮಾತ್ರ ಮಾತಾಡಬಹುದು, ಫುಲ್ ಅಂದರೆ ಎರಡೂ ಕಡೆಯವರು ಒಟ್ಟಿಗೇ.

ಇದು ಯಾಕೆ ಆಗುತ್ತದೆ ಅಂದರೆ, ಒಂದು ತುದಿಯಲ್ಲಿ ಯಾರೋ ಬುದ್ಧಿವಂತರು ವೇಗವನ್ನು 100, ಫುಲ್ ಅಂತ ಕೈಯಾರೆ ಕಟ್ಟಿಹಾಕಿರುತ್ತಾರೆ. ಇನ್ನೊಂದು ತುದಿ ಆಟೋದಲ್ಲಿರುತ್ತದೆ. ಕಟ್ಟಿಹಾಕಿದ ತುದಿ ಮಾತುಕತೆಗೇ ಬರುವುದಿಲ್ಲ. ಆಟೋ ತುದಿಗೆ ವೇಗ ಏನೋ ಸಂಕೇತದಿಂದ ಗೊತ್ತಾಗುತ್ತದೆ, ಡ್ಯೂಪ್ಲೆಕ್ಸ್ ಗೊತ್ತಾಗುವುದಿಲ್ಲ, ನಿಯಮದ ಪ್ರಕಾರ ಅದು ಹಾಫ್ ಅಂತ ಕೂರುತ್ತದೆ. ಈಗ ಒಂದು ಕಡೆಯವರು ಯಾವಾಗ ಬೇಕಾದರೂ ಮಾತಾಡುತ್ತಾರೆ, ಇನ್ನೊಂದು ಕಡೆಯವರು ಅದನ್ನು ಡಿಕ್ಕಿ ಅಂತ ತಿಳಿದು ಹಿಂದೆ ಸರಿಯುತ್ತಾರೆ. ಹಾಫ್ ಇರುವ ಕಡೆ ಲೇಟ್ ಕೊಲಿಷನ್ (ತಡವಾದ ಡಿಕ್ಕಿ) ಎಣಿಕೆ ಏರುತ್ತದೆ, ಫುಲ್ ಇರುವ ಕಡೆ ಸಿಆರ್‌ಸಿ ದೋಷಗಳು (ಹಾಳಾಗಿ ಬಂದ ಫ್ರೇಮ್‌ಗಳ ಎಣಿಕೆ) ಏರುತ್ತವೆ. ಎರಡೂ ಕಡೆ ಸರಿಯಾಗಿ ಫುಲ್ ಇದ್ದೂ ಸಿಆರ್‌ಸಿ ಏರುತ್ತಿದ್ದರೆ ಮೊದಲು ಕೇಬಲ್ ಮೇಲೆ ಅನುಮಾನ ಪಡಿ. ಎಷ್ಟೋ ಸ್ವಿಚ್‌ಗಳಲ್ಲಿ ಕೇಬಲ್ ಪರೀಕ್ಷೆಯ ಟಿಡಿಆರ್ ಕಮಾಂಡೂ ಇದೆ, ಯಾವ ಜೋಡಿ ತಂತಿ ಸುಮಾರು ಎಷ್ಟು ಮೀಟರ್ ದೂರದಲ್ಲಿ ಕಡಿದಿದೆ ಅಂತ ಅದೇ ಹೇಳುತ್ತದೆ. ಪರೀಕ್ಷೆ ಮಾಡುವಾಗ ಲಿಂಕ್ ಒಂದು ಕ್ಷಣ ಬಿದ್ದು ಏಳಬಹುದು, ಕೂತವರಿಗೆ ಮೊದಲೇ ಹೇಳಿ. ಎಣಿಕೆಗಳನ್ನು ಒಮ್ಮೆ ಕ್ಲಿಯರ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು, ಇಲ್ಲದಿದ್ದರೆ ಯಾವತ್ತಿನದೋ ಹಳೇ ದೋಷ ಇವತ್ತಿನದು ಅಂತ ಕಾಣುತ್ತದೆ. ಆ್ಯಪ್‌ನಲ್ಲೂ ಈ ಅಂಕಿಗಳು ಎಲ್ಲೋ ಮೂರು ಮೆನು ಒಳಗೆ ಇರಬಹುದು, ಇಲ್ಲ ಅನ್ನುವುದಿಲ್ಲ. ಹಸಿರು ಚೌಕ ನೋಡಿ ಸಮಾಧಾನ ಆದವರು ಅಲ್ಲಿಗೆ ಹೋಗುವುದಿಲ್ಲ ಅಷ್ಟೇ.

ಈಗ ಲೇಖನದ ದೊಡ್ಡ ಆಕ್ಷೇಪಣೆಗೆ ಬರುತ್ತೇನೆ. ಕಮಾಂಡ್ ಲೈನ್ ಅಪಾಯಕಾರಿ, ಒಂದು ಪದ ತಪ್ಪಿದರೆ ನೆಟ್‌ವರ್ಕ್ ಬೀಳುತ್ತದೆ ಅಂತ. ನಿಜ, ಬೀಳುತ್ತದೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಎಂಬ ಫೈಲ್ ಸಂಗ್ರಹ ಸೇವೆಯ ಒಂದು ಭಾಗ ನಿಂತದ್ದು, ಒಂದು ಕಮಾಂಡ್‌ಗೆ ಕೊಟ್ಟ ವಿವರ ತಪ್ಪಾಗಿ ಬೇಕಾದ್ದಕ್ಕಿಂತ ಜಾಸ್ತಿ ಸರ್ವರ್‌ಗಳು ಹೊರಬಿದ್ದದ್ದರಿಂದ. ಸ್ವಿಚ್ ಲೋಕದಲ್ಲಿ ಇದಕ್ಕೆ ಸಮನಾದ ಕುಖ್ಯಾತ ಪದ ಒಂದಿದೆ: ಆ್ಯಡ್. ಎರಡು ಸ್ವಿಚ್ ನಡುವಿನ ಟ್ರಂಕ್ ಪೋರ್ಟ್‌ನಲ್ಲಿ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಹೊರುವ ಪೋರ್ಟ್) 10 ಮತ್ತು 20 ಸಂಖ್ಯೆಯ ವಿಲ್ಯಾನ್‌ಗಳು ಹೋಗುತ್ತಿವೆ, 30 ಅನ್ನೂ ಸೇರಿಸಬೇಕು. ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆ್ಯಡ್ 30 ಅಂತ ಬರೆಯಬೇಕು. ಆ್ಯಡ್ ಬಿಟ್ಟು ಬರೆದರೆ 30 ಮಾತ್ರ ಉಳಿದು 10, 20 ಎರಡೂ ಹೋಗುತ್ತವೆ. ಸ್ವಿಚ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ನೀವು ಎಸ್‌ಎಸ್‌ಎಚ್‌ನಲ್ಲಿ ಬಂದಿದ್ದ ದಾರಿ ಅದೇ ವಿಲ್ಯಾನ್ 10 ಆಗಿದ್ದರೆ, ತಪ್ಪನ್ನು ತಿದ್ದಲು ನಿಮಗೆ ದಾರಿಯೇ ಇಲ್ಲ. ಕನ್ಸೋಲ್‌ನಲ್ಲಿ ಕೂತವರಿಗೆ ಮಾತ್ರ ಪರದೆ ಹಾಗೇ ಇರುತ್ತದೆ, ಇನ್ನೊಂದು ಸಾಲು ಬರೆದು ಸರಿಮಾಡುತ್ತಾರೆ.

ಆದರೆ ಅಪಾಯ ಇರುವುದು ತಿರುಗಿ ಬರುವ ದಾರಿ ಇಟ್ಟುಕೊಳ್ಳದೆ ಮುಂದೆ ಹೋಗುವುದರಲ್ಲಿ, ಅದು ವೆಬ್ ಪುಟದಲ್ಲೂ ಅಷ್ಟೇ. ಕಮಾಂಡ್ ಲೈನ್‌ನಲ್ಲಿ ಆ ದಾರಿ ಇಟ್ಟುಕೊಳ್ಳಲು ಒಳ್ಳೊಳ್ಳೆಯ ಉಪಾಯಗಳಿವೆ, ಲೇಖನದಲ್ಲಿ ಒಂದರ ಸುಳಿವೂ ಇಲ್ಲ ಅನ್ನುವುದೇ ನನ್ನ ದೂರು. ಜೂನಿಪರ್‌ನಲ್ಲಿ ಕಮಿಟ್ ಕನ್ಫರ್ಮ್ಡ್ ಅಂತ ಇದೆ. ಬದಲಾವಣೆ ಜಾರಿಯಾಗುತ್ತದೆ, 10 ನಿಮಿಷದೊಳಗೆ ನೀವು ಮತ್ತೊಮ್ಮೆ ಒಪ್ಪಿಗೆ ಕೊಡದಿದ್ದರೆ ಅದೇ ಹಳೆಯದಕ್ಕೆ ಮರಳುತ್ತದೆ. ದಾರಿ ಕಡಿದುಕೊಂಡು ಹೊರಗೆ ಬಿದ್ದವರು ಸುಮ್ನೆ ಕಾದರೆ ಸಾಕು. ಮೈಕ್ರೋಟಿಕ್‌ನಲ್ಲಿ ಸೇಫ್ ಮೋಡ್ ಇದೆ, ಸಂಪರ್ಕ ಕಡಿದರೆ ಮಾಡಿದ್ದನ್ನೆಲ್ಲ ವಾಪಸ್ ತೆಗೆಯುತ್ತದೆ. ಸಿಸ್ಕೊದಲ್ಲಿ ಹಳೇ ಉಪಾಯ ರೀಲೋಡ್ ಇನ್ 10. ಕೆಲಸ ಶುರು ಮಾಡುವ ಮುಂಚೆ ಅದನ್ನು ಕೊಟ್ಟರೆ 10 ನಿಮಿಷಕ್ಕೆ ಸ್ವಿಚ್ ಮರುಶುರುವಾಗಿ ಸೇವ್ ಆಗಿದ್ದ ಹಳೇ ಕಾನ್ಫಿಗ್‌ಗೆ ಬರುತ್ತದೆ. ಎಲ್ಲ ಸರಿಯಾದರೆ ರೀಲೋಡ್ ಕ್ಯಾನ್ಸಲ್. ಇದರ ಕೆಡುಕು ಏನೆಂದರೆ ಮರುಶುರುವಾಗುವಾಗ ಎಲ್ಲ ಪೋರ್ಟ್‌ಗಳೂ ಕೆಲವು ನಿಮಿಷ ಬೀಳುತ್ತವೆ, ಕ್ಯಾನ್ಸಲ್ ಮರೆತು ಊಟಕ್ಕೆ ಹೋದರೆ ಕೇಳುವುದೇ ಬೇಡ. ಕಾನ್ಫಿಗ್‌ನ ಪ್ರತಿ ಉಳಿಸಿಡುವ ಆರ್ಕೈವ್ ಹೊಂದಿಸಿಕೊಂಡಿದ್ದರೆ ಕಾನ್ಫಿಗರ್ ಟರ್ಮಿನಲ್ ರಿವರ್ಟ್ ಟೈಮರ್ 5 ಅಂತ ಕೊಡಬಹುದು, ಮರುಶುರುವಿಲ್ಲದೆ ಹಿಂದಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಇದೇ ಉತ್ತಮ.

ಇದೆಲ್ಲ ಕೆಲಸ ಮಾಡುವುದು ರನ್ನಿಂಗ್ ಕಾನ್ಫಿಗ್ ಬೇರೆ, ಸ್ಟಾರ್ಟಪ್ ಕಾನ್ಫಿಗ್ ಬೇರೆ ಆಗಿರುವುದರಿಂದ. ಈಗ ಓಡುತ್ತಿರುವುದು ಮೆಮೊರಿಯಲ್ಲಿ, ಮುಂದಿನ ಬಾರಿ ಓದುವುದು ಫ್ಲ್ಯಾಶ್‌ನಲ್ಲಿ. ಸೇವ್ ಮಾಡದೆ ಬಿಟ್ಟ ಬದಲಾವಣೆ ತಿಂಗಳುಗಟ್ಟಲೆ ಸರಿಯಾಗಿ ನಡೆದು, ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ಮಾಯವಾಗುತ್ತದೆ. ಆಗ "ಸ್ವಿಚ್ ತಾನಾಗಿಯೇ ಕೆಟ್ಟುಹೋಯಿತು" ಅನ್ನುತ್ತಾರೆ. ಕೆಲವು ಬ್ರ್ಯಾಂಡ್‌ಗಳ ವೆಬ್ ಪುಟದಲ್ಲೂ ಇದೇ ಬಲೆ ಇದೆ: ಅಪ್ಲೈ ಒಂದು ಬಟನ್, ಸೇವ್ ಇನ್ನೊಂದು ಕಡೆ, ಮೂಲೆಯಲ್ಲಿ ಮಿಣಮಿಣ ಮಿನುಗುವ ಸಣ್ಣ ಚಿತ್ರವಾಗಿ.

ವೆಬ್ ಪುಟ ಸುರಕ್ಷಿತ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಸ್ಕೊ ಐಒಎಸ್ ಎಕ್ಸ್‌ಇ ಸಾಫ್ಟ್‌ವೇರ್‌ನ ವೆಬ್ ಪುಟದಲ್ಲೇ ದೋಷ ಬಯಲಾಯಿತು. ಪಾಸ್‌ವರ್ಡ್ ಏನೂ ಇಲ್ಲದೆ ಹೊರಗಿನವರು ಪೂರ್ತಿ ಅಧಿಕಾರದ ಖಾತೆ ತೆರೆದುಕೊಳ್ಳಬಹುದಿತ್ತು. ಅದರ ತೀವ್ರತೆಗೆ ಸಿಕ್ಕ ಅಂಕ 10ಕ್ಕೆ 10. ಹತ್ತಾರು ಸಾವಿರ ಉಪಕರಣಗಳು ದಾಳಿಗೆ ಸಿಕ್ಕವು. ಇಂಟರ್ನೆಟ್‌ಗೆ ತೆರೆದುಕೊಂಡಿರುವ ಉಪಕರಣಗಳಲ್ಲಿ ವೆಬ್ ಸರ್ವರನ್ನೇ ಆಫ್ ಮಾಡಿ ಅಂತ ಕಂಪನಿಯೇ ಹೇಳಿತು. ಆಫ್ ಮಾಡುವುದು ಹೇಗೆ? ನೋ ಐಪಿ ಎಚ್‌ಟಿಟಿಪಿ ಸರ್ವರ್, ನೋ ಐಪಿ ಎಚ್‌ಟಿಟಿಪಿ ಸೆಕ್ಯೂರ್-ಸರ್ವರ್. ಕಮಾಂಡ್ ಲೈನ್‌ನಲ್ಲಿ ಎರಡು ಸಾಲು. ವೆಬ್ ಪುಟ ಬಿಟ್ಟರೆ ಬೇರೆ ಗೊತ್ತಿಲ್ಲದವರು ಆ ದಿನ ಏನು ಮಾಡಿರಬೇಕು ಹೇಳಿ.

ಹಾಗಂತ ಕಪ್ಪು ಪರದೆ ಮಡಿವಂತ ಅಂತಲೂ ಅಲ್ಲ. ಇವತ್ತಿಗೂ ಎಸ್‌ಎಸ್‌ಎಚ್‌ಗಿಂತ ಹಳೆಯದಾದ ಟೆಲ್‌ನೆಟ್ ಉಳಿಸಿಕೊಂಡಿರುವ ಸ್ವಿಚ್‌ಗಳು ಎಷ್ಟೋ ಇವೆ, ಅದರಲ್ಲಿ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ, ಬರೆದ ಹಾಗೇ ತಂತಿಯ ಮೇಲೆ ಹೋಗುತ್ತದೆ. ಎಸ್‌ಎಸ್‌ಎಚ್ ಬಂದದ್ದು 1995ರಲ್ಲಿ, ಇನ್ನೂ ಟೆಲ್‌ನೆಟ್‌ಗೆ ನೆಪ ಹೇಳುವುದು ಸರಿಯಲ್ಲ. ಕಾನ್ಫಿಗ್‌ನಲ್ಲಿ 7 ಅಂತ ಅಂಕಿ ಹಾಕಿ ಕಲಸುಮೇಲೋಗರ ಮಾಡಿ ತೋರಿಸುವ ಪಾಸ್‌ವರ್ಡ್ ಕೂಡ ಕ್ಷಣಾರ್ಧದಲ್ಲಿ ಬಿಡಿಸಬಹುದಾದದ್ದು, ಆ ಫೈಲನ್ನು ಇಮೇಲ್‌ನಲ್ಲಿ ಕಳಿಸುವವರು ಗಮನಿಸಲಿ. ಕನ್ಸೋಲ್‌ಗೂ ಪಾಸ್‌ವರ್ಡ್ ಬೇಕು, ಬಿಟ್ಟು ಎದ್ದುಹೋದರೆ ತಾನಾಗಿ ಮುಚ್ಚಿಕೊಳ್ಳಬೇಕು. ಸಿಸ್ಕೊದಲ್ಲಿ 10 ನಿಮಿಷಕ್ಕೆ ಮುಚ್ಚುತ್ತದೆ, ಅದು ಕಿರಿಕಿರಿ ಅಂತ ಎಕ್ಸೆಕ್-ಟೈಮ್‌ಔಟ್ 0 0 ಕೊಟ್ಟು ಶಾಶ್ವತವಾಗಿ ತೆರೆದಿಡುವವರಿದ್ದಾರೆ. ಎಲ್ಲಕ್ಕಿಂತ ಮೊದಲು ರ್ಯಾಕ್‌ಗೆ ಬೀಗ ಬೇಕು. ಎಷ್ಟೋ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಮುಂದಿರುವ ಮೋಡ್ ಬಟನ್ ಒತ್ತಿಹಿಡಿದು ಕರೆಂಟ್ ಕೊಟ್ಟರೆ, ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲನ್ನು ಪಕ್ಕಕ್ಕೆ ಸರಿಸಿ ಒಳಗೆ ಬರಬಹುದು. ಪಾಸ್‌ವರ್ಡ್ ಮರೆತವರಿಗೆ ಅಂತ ಇಟ್ಟ ಬಾಗಿಲು, ಬೇರೆಯವರಿಗೂ ತೆರೆಯುತ್ತದೆ.

ಆಟೊಮೇಷನ್ ಬಂದಿದೆಯಲ್ಲ ಅಂತ ನಿಮ್ಮ ಲೇಖಕರು ಕೇಳಬಹುದು. ಬಂದಿದೆ, ಬರಲಿ. ಅನ್ಸಿಬಲ್ ಆಗಲಿ, ಪೈಥಾನ್‌ನ ನೆಟ್‌ಮಿಕೊ ಆಗಲಿ, ಎಷ್ಟೋ ಕಡೆ ಅವು ಮಾಡುವುದು ಎಸ್‌ಎಸ್‌ಎಚ್‌ನಲ್ಲಿ ಒಳಹೋಗಿ ಇದೇ ಕಮಾಂಡ್‌ಗಳನ್ನು ನಮಗಿಂತ ಬೇಗ ಬರೆಯುವುದು. ಆ್ಯಡ್ ಮರೆತ ಸಾಲನ್ನು ಅವು 200 ಸ್ವಿಚ್‌ಗೂ ಒಂದೇ ಉತ್ಸಾಹದಲ್ಲಿ ಹಾಕುತ್ತವೆ. ಆ ಸಾಲನ್ನು ಓದಿ ಹಿಡಿಯಬಲ್ಲವರು ಒಬ್ಬರಾದರೂ ಇರಬೇಕಲ್ವಾ?

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಆ ಲೇಖನದ ಮುಂದಿನ ಕಂತು ಬರುವುದಿದ್ದರೆ, ಕನ್ಸೋಲ್ ಕೇಬಲ್ ಎಸೆಯಿರಿ ಅನ್ನುವ ಸಾಲನ್ನು ತಿದ್ದಿ. ಸ್ವಿಚ್ ಇರುವ ಪ್ರತಿ ಕಡೆಯೂ ಒಂದು ಕೇಬಲ್, ಒಂದು ಪರೀಕ್ಷಿಸಿದ ಅಡಾಪ್ಟರ್ ರ್ಯಾಕ್ ಒಳಗೇ ಇರಲಿ ಅಂತ ಬರೆಯಿರಿ. ಎಲ್ಲ ಚೆನ್ನಾಗಿರುವ ಒಂದು ದಿನ ಅದನ್ನು ಚುಚ್ಚಿ, ಒಳಹೋಗಿ, ಶೋ ಲಾಗಿಂಗ್, ಶೋ ಇಂಟರ್‌ಫೇಸ್ ಸ್ಟೇಟಸ್ ನೋಡಿ ಬನ್ನಿ ಅಂತಲೂ ಹೇಳಿ. ಆ ಲಾಗ್‌ನಲ್ಲಿ ದಿನಾಂಕ 1993ರ ಮಾರ್ಚ್ ಅಂತ ಬಂದರೆ ಗಾಬರಿ ಬೇಡ. ಹಳೇ ಕ್ಯಾಟಲಿಸ್ಟ್‌ಗಳಿಗೆ ಸಮಯ ಹೇಳಿಕೊಡದಿದ್ದರೆ ಅವು ಅಲ್ಲಿಂದಲೇ ಎಣಿಸುತ್ತವೆ, ಸಮಯ ತಿಳಿಸುವ ಎನ್‌ಟಿಪಿ ಸರ್ವರ್ ವಿಳಾಸ ಕೊಟ್ಟರೆ ಸರಿಯಾಗುತ್ತದೆ. ಕಾನ್ಫಿಗ್‌ನ ಒಂದು ಪ್ರತಿಯನ್ನು ಸ್ವಿಚ್ಚಿನ ಹೊರಗೆ ಇಟ್ಟುಕೊಳ್ಳಿ. ಆಮೇಲೆ ಆ ಸ್ವಿಚ್ಚಿನ ಕನ್ಸೋಲ್ ವೇಗ 9600ವೋ 115200ವೋ ಅಂತ ಒಂದು ಚೀಟಿಯಲ್ಲಿ ಬರೆದು ರ್ಯಾಕ್ ಬಾಗಿಲಿನ ಒಳಗೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಆ ಚೀಟಿಯಲ್ಲಿ ಬೇಡ.

ಇಂತಿ ನಿಮ್ಮ ಓದುಗ,
ಸ್ವಿಚ್‌ಗಳ ನಡುವೆ ಕೆಲಸ ಮಾಡುವವನು